ಬುಧವಾರದ ಬೆಟ್ಟದ ಬ್ಯಾಚು: ತುಮಕೂರಿನಲ್ಲಿ ನನ್ನ ಅನುಭವ

ನನ್ನದು ತುಮಕೂರಿನಲ್ಲಿ ಸಣ್ಣ ಟ್ರೆಕ್ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಹೆಂಗಸರ ಬುಧವಾರದ ಬ್ಯಾಚು ನಡೆಯುತ್ತದೆ. ವಾರದ ಮಧ್ಯೆ, ಐವತ್ತರ ಆಸುಪಾಸಿನ ಇಪ್ಪತ್ತು ಹೆಂಗಸರನ್ನು ಶಿವಗಂಗೆ ಬೆಟ್ಟದ ತುದಿಗೆ ಹತ್ತಿಸಿ, ಮೂರೂವರೆ ನಾಲ್ಕರೊಳಗೆ ತುಮಕೂರಿಗೆ ವಾಪಸ್ ತರಬಹುದು, ಕೈಯಲ್ಲಿ ನಾಲ್ಕು ಕಾಸೂ ಉಳಿಯುತ್ತದೆ. ಶುರು ಮಾಡಿದಾಗ ಜೊತೆಯ ಟ್ರೆಕ್ ಲೀಡರ್‌ಗಳು "ಆಂಟಿ ಬ್ಯಾಚಾ ಗುರು?" ಅಂತ ನಕ್ಕಿದ್ದರು. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ರೇಟ್ ಕೇಳುತ್ತಿದ್ದಾರೆ.

ಹಳೇ ಲೆಕ್ಕ ಟ್ರೆಕ್ ನಡೆಸೋರಿಗೆಲ್ಲ ಗೊತ್ತು. ಕುಕ್ಕೆ ಹತ್ತಿರದ ಕುಮಾರ ಪರ್ವತಕ್ಕೆ ವೀಕೆಂಡ್ ಟ್ರೆಕ್ ಅಂದರೆ ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ, ಡ್ರೈವರ್ ಬಾಟಾ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ, ಕೊನೇ ಗಳಿಗೆಯಲ್ಲಿ ಮೂರು ಜನ ಕೈಕೊಟ್ಟರೆ ಲಾಭ ಅಲ್ಲಿಗೇ ಸರಿಹೋಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನ ನೋಡಿ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಕೆಲ ಕಾಲ ನಿಲ್ಲಿಸಿತು. ಅದೇ ವರ್ಷ ಚಾರಣದ ಟಿಕೆಟ್ ಬುಕ್ ಮಾಡೋಕೆ ಅರಣ್ಯ ವಿಹಾರ ವೆಬ್‌ಸೈಟ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನ, ಒಬ್ಬರ ಹೆಸರಲ್ಲಿ 10 ಟಿಕೆಟ್. ಕಾಡಿಗೆ ಅದು ಬೇಕಾಗೇ ಇತ್ತು, ನನ್ನ ತಕರಾರಿಲ್ಲ. ಆದರೆ ಸಣ್ಣ ಆಪರೇಟರ್ ಮೊದಲು ಟಿಕೆಟ್ ಹುಡುಕಬೇಕಾ, ಜನ ಹುಡುಕಬೇಕಾ?

ಅದಕ್ಕೂ ಮೊದಲಿಂದಲೇ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೇರೇನೋ ನಡೀತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಕುಕ್ಕೆ ಅಂತ ಹೊರಟಿದ್ದರು. ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಗಾಡಿ ಖರ್ಚೇ ಇಲ್ಲದ ಗಿರಾಕಿ ಕಣ್ಣೆದುರು ನಿಂತಿದ್ದಾರೆ, ನಾವು ಬೆಂಗಳೂರಿನ ಐಟಿ ಹುಡುಗರ ಹಿಂದೆ ಬಿದ್ದಿದ್ದೇವೆ.

ಆದರೂ ಸುಲಭಕ್ಕೆ ಬರಲಿಲ್ಲ. ರೀಲ್ಸ್‌ಗೆ ಎರಡು ಮೂರು ಸಾವಿರ ಸುರಿದೆ, ವಿಚಾರಿಸಿದವರೆಲ್ಲ ಹುಡುಗರೇ. ಭಾನುವಾರ ಇಟ್ಟೆ, ಅರ್ಧಕ್ಕರ್ಧ ಕ್ಯಾನ್ಸಲ್. ಭಾನುವಾರ ಮನೆ ತುಂಬಾ ಜನ, ಅಡುಗೆಮನೆಯಿಂದ ಅವರನ್ನು ಬಿಡೋರು ಯಾರು? ಅಡ್ವಾನ್ಸ್ ವಾಪಸ್ ಕೊಟ್ಟಿದ್ದೇ ನಾಲ್ಕು ಸಾವಿರ ಇರಬೇಕು. ಸೂರ್ಯೋದಯದ ಪ್ಲಾನ್ ಅಂತೂ ಒಬ್ಬರೂ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಹೊಂದಿದ್ದು ಬುಧವಾರ, ಎಂಟು ಗಂಟೆ ಬಸ್ಸು. ತಿಂಡಿ ಮಾಡಿ, ಡಬ್ಬಿ ಕಟ್ಟಿ, ಮನೆಯವರನ್ನು ಕಳಿಸಿ ಬರುತ್ತಾರೆ. ಸಂಜೆ ಕಾಫಿ ಹೊತ್ತಿಗೆ ಮನೆಯಲ್ಲಿರುತ್ತಾರೆ. ಜೊತೆಗೆ ನನ್ನ ಅಕ್ಕ ಲೀಡರ್ ಆಗಿ ನಿಂತಳು. "ಜೊತೇಲಿ ಯಾರ್ ಬರ್ತಾರಪ್ಪಾ?" ಅನ್ನೋ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಿದ್ದರಬೆಟ್ಟದ ಬ್ಯಾಚಿನಲ್ಲಿ ಇಬ್ಬರಿಗೆ ತಲೆ ಸುತ್ತಿತು. ನೋಡಿದರೆ ಬಾಟಲಿ ತುಂಬಾ ನೀರು ಹಾಗೇ ಇದೆ. ಮೇಲೆ ಎಲ್ಲಿಗೆ ಹೋಗೋದು ಅಂತ ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿಲ್ಲ! ಅವತ್ತಿನಿಂದ ಬೆಟ್ಟದ ಬುಡದಲ್ಲಿ ಒಂದು ಮನೆ ಗೊತ್ತು ಮಾಡಿಕೊಳ್ಳುತ್ತೇನೆ. ಬ್ಯಾಚಿಗೆ ಇನ್ನೂರು ರೂಪಾಯಿ, ಕ್ಲೀನ್ ಬಾತ್‌ರೂಮು, ಎರಡು ಬಕೆಟ್ ನೀರು. ನಾನು ಮಾಡಿದ ಖರ್ಚಿನಲ್ಲೆಲ್ಲ ಹೆಚ್ಚು ಫಲ ಕೊಟ್ಟಿದ್ದು ಇದೇ.

ಶಿವಗಂಗೆಯಲ್ಲಿ ಹತ್ತೋದು ಯಾರಿಗೂ ಕಷ್ಟವಲ್ಲ, ಇಳಿಯೋದೇ ಮಂಡಿಗೆ ಹೊಡೆತ. ಮೇಲಿನ ಕಡಿದಾದ ಮೆಟ್ಟಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಂಡೆಗೆ ಮುಖ ಮಾಡಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಅಡ್ಡಡ್ಡ ಇಳಿಸುತ್ತೇನೆ. ನಿಧಾನ, ಆದರೆ ಯಾರೂ ಜಾರಿಲ್ಲ. ಸಾಲಿನಲ್ಲಿ ಯಾರ ಹಿಂದೆ ಯಾರನ್ನು ನಿಲ್ಲಿಸಬೇಕು ಅನ್ನೋದರಲ್ಲೂ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬರೆಯಲ್ಲ. ಒಳಕಲ್ಲು ತೀರ್ಥಕ್ಕೆ ಮಾತ್ರ ಅರ್ಧ ಗಂಟೆ ಎತ್ತಿಡಿ. ಅಲ್ಲಿ ಬಂಡೆಯ ಗುಂಡಿಗೆ ಕೈ ಹಾಕಿ ನೀರು ಸಿಕ್ಕರೆ ಪುಣ್ಯ ಅಂತ ನಂಬಿಕೆ, ಸಿಗೋವರೆಗೂ ಕೆಲವರು ಜಪ್ಪಯ್ಯ ಅಂದರೂ ಏಳಲ್ಲ.

ಸುಮ್ನೆ ಒಂದಿಷ್ಟು ಪ್ರಯೋಗವೂ ಆಯಿತು. ಟ್ರೆಕಿಂಗ್ ಪೋಲ್ ಬಾಡಿಗೆಗೆ ತಂದರೆ ಬಂಡೆ ಮೇಲೆ ಜಾರಿತು. ಬಿದಿರು ಕೋಲಿನ ತುದಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದೆ, ಒಂದಕ್ಕೆ ಮೂವತ್ತು ರೂಪಾಯಿ ಬಿತ್ತು, ಕೋತಿ ಬೆದರಿಸೋಕೂ ಆಯಿತು. ಪ್ಲಾಸ್ಟಿಕ್ ಕವರ್ ಕಂಡರೆ ಕೋತಿ ಬಿಡೋದಿಲ್ಲ, ಅದಕ್ಕೇ ಸೊಂಟಕ್ಕೆ ಕಟ್ಟೋ ಬಟ್ಟೆ ಚೀಲ. ಬುತ್ತಿಗೆ ಪುಳಿಯೋಗರೆಯೇ ಸೈ, ಕಾಯಿ ಚಿತ್ರಾನ್ನ ಬಿಸಿಲಿಗೆ ಹಳಸಿತು.

ಈಗಿನ ಲೆಕ್ಕ ಇಷ್ಟು. ತಲೆಗೆ ಇನ್ನೂರೈವತ್ತು, ಇಪ್ಪತ್ತು ಜನ ಅಂದರೆ ಐದು ಸಾವಿರ. ಡಾಬಸ್‌ಪೇಟೆಯಿಂದ ಶಿವಗಂಗೆಗೆ ಬಸ್ ತಪ್ಪಿದರೆ ಆಟೋಗೆ, ಜೊತೆಗೆ ಬರೋ ಊರಿನ ಹುಡುಗನಿಗೆ, ಬಾತ್‌ರೂಮಿಗೆ, ಮಜ್ಜಿಗೆಗೆ, ಅಕ್ಕನ ಪಾಲಿಗೆ ಕೊಟ್ಟು ಎರಡು ಸಾವಿರ ಉಳಿಯುತ್ತದೆ. ವೀಕೆಂಡ್ ಟಿಟಿಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟರೂ ಉಳಿಯುತ್ತಿದ್ದುದು ಇಷ್ಟೇ. ಬಿಸಿಲು ಏರಿದ ಮೇಲೆ ಮಾರ್ಚ್‌ನಿಂದ ಮೇವರೆಗೆ ಬಂದ್, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಮಧುಗಿರಿ ಕಡೆ ಹೋಗೋದಾದರೆ ಖಾಸಗಿ ಬಸ್ಸುಗಳೂ ಜಾಸ್ತಿ, ಅದರಲ್ಲಿ ಶಕ್ತಿ ನಡೆಯಲ್ಲ, ಸರ್ಕಾರಿ ಬಸ್ಸಿನ ಟೈಮ್ ಮೊದಲೇ ಕೇಳಿಕೊಳ್ಳಿ. ಮಧುಗಿರಿ ಬೆಟ್ಟದ ಮೇಲಿನ ಭಾಗಕ್ಕೆ ಹೊಸಬರನ್ನು ನಾನು ಕರೆದೊಯ್ಯಲ್ಲ, ಮೂರು ಬೆಟ್ಟ ಮುಗಿಸಿದವರಿಗೆ ಮಾತ್ರ.

ಈಗ ಗಂಡಂದಿರು ಕೇಳ್ತಿದ್ದಾರೆ, ನಾವೂ ಬರಬಹುದಾ ಅಂತ. ಬನ್ನಿ, ಬೇರೆ ಬ್ಯಾಚು, ನೂರು ರೂಪಾಯಿ ಜಾಸ್ತಿ, ಬಸ್ ಚಾರ್ಜ್ ನಿಮ್ಮದೇ ಅಂದಿದ್ದೇನೆ.