ಲೈಫ್ ಇನ್ ದ ಯುಕೆ ಪರೀಕ್ಷೆ: ಏನು ಓದಬೇಕು, ಎಲ್ಲಿ ಎಡವುತ್ತಾರೆ

ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಅನುಮತಿಯಾದ ಐಎಲ್‌ಆರ್‌ಗಾಗಲಿ ಪೌರತ್ವಕ್ಕಾಗಲಿ ಅರ್ಜಿ ಹಾಕುವ 18ರಿಂದ 64 ವರ್ಷದವರು ಈ ಪರೀಕ್ಷೆ ಪಾಸಾಗಿರಬೇಕು. ದೀರ್ಘಕಾಲದ ಕಾಯಿಲೆಯಂಥ ಕಾರಣಕ್ಕೆ ವಿನಾಯಿತಿ ಉಂಟು, ವೈದ್ಯರ ದಾಖಲೆ ಬೇಕು. ಕಂಪ್ಯೂಟರಿನಲ್ಲಿ 24 ಪ್ರಶ್ನೆ, 45 ನಿಮಿಷ. 18 ಸರಿಯಾದರೆ ಪಾಸು. ಶುಲ್ಕ 50 ಪೌಂಡ್. ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಮುಗಿಯುವುದೆಂಬುದಿಲ್ಲ, ಐಎಲ್‌ಆರ್‌ಗೆ ಕೊಟ್ಟದ್ದನ್ನೇ ಪೌರತ್ವಕ್ಕೂ ಕೊಡಬಹುದು. ಹಾಗಿರುವಾಗ ಅರ್ಜಿ ಹಾಕುವ ತಿಂಗಳವರೆಗೆ ಕಾಯುವುದರಲ್ಲಿ ಅರ್ಥವಿಲ್ಲ, ಮೊದಲೇ ಬರೆದು ಮುಗಿಸಿಬಿಡಿ.

ಸರ್ಕಾರದ ಗವ್.ಯುಕೆ ತಾಣದಲ್ಲೇ ಬುಕ್ ಮಾಡಿ, ಕನಿಷ್ಠ 3 ದಿನ ಮುಂಚೆ. ನಮ್ಮವರಿಗೆ ತೊಡಕಾಗುವುದು ಇಲ್ಲಿ, ಹೆಸರಿನ ವಿಷಯದಲ್ಲಿ. ಪಾಸ್‌ಪೋರ್ಟಿನಲ್ಲಿ ‘ರಾಘವೇಂದ್ರ ಕೃಷ್ಣಮೂರ್ತಿ’ ಎಂದಿದ್ದು ಬುಕಿಂಗ್‌ನಲ್ಲಿ ‘ರಾಘವೇಂದ್ರ ಕೆ’ ಎಂದು ಹಾಕಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಇನಿಷಿಯಲ್ಲು, ಅಪ್ಪನ ಹೆಸರು, ಊರಿನ ಹೆಸರು, ಎಲ್ಲವೂ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಲಿ. ಸರ್‌ನೇಮ್ ಜಾಗವೇ ಖಾಲಿ ಇರುವ ಪಾಸ್‌ಪೋರ್ಟಾದರೆ ದುಡ್ಡು ಕಟ್ಟುವ ಮೊದಲೇ ಸಹಾಯವಾಣಿಯನ್ನು ಕೇಳಿಕೊಳ್ಳಿ. ಬುಕ್ ಮಾಡುವಾಗ ಯಾವ ಗುರುತಿನ ದಾಖಲೆ ಕೊಟ್ಟಿರೋ ಅದನ್ನೇ ಆ ದಿನ ಒಯ್ಯಬೇಕು. ದಿನ ಹೊಂದದಿದ್ದರೆ 3 ದಿನ ಮುಂಚಿತವಾಗಿ ರದ್ದು ಮಾಡಿ, ಹಣ ಮರಳುತ್ತದೆ.

ಪ್ರಶ್ನೆಗಳೆಲ್ಲ ಬರುವುದು ಒಂದೇ ಅಧಿಕೃತ ಕೈಪಿಡಿಯಿಂದ, ಅದರ ಮೂರನೇ ಆವೃತ್ತಿಯಿಂದ. ಮೊಬೈಲ್ ಆ್ಯಪ್‌ಗಳಲ್ಲಿ ಅಭ್ಯಾಸ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಆ್ಯಪ್ ಒಂದನ್ನೇ ನಂಬಿದವರು ಉತ್ತರದ ಮುಖಚಹರೆ ನೆನಪಿಟ್ಟಿರುತ್ತಾರೆ, ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದೊಡನೆ ತಡವರಿಸುತ್ತಾರೆ. ಪುಸ್ತಕ ಎರಡು ಸಲ, ಆಮೇಲೆ ಆ್ಯಪ್.

ಹೆಚ್ಚು ಹೊತ್ತು ಬೇಡುವುದು ಇತಿಹಾಸದ ಅಧ್ಯಾಯ. ಇಸವಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ಬದಲು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಿ. ಮಕ್ಕಳಿಲ್ಲದ ಒಂದನೇ ಎಲಿಜಬೆತ್ 1603ರಲ್ಲಿ ತೀರಿಕೊಂಡಾಗ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ, ಅಲ್ಲಿ ಅವನು ಒಂದನೇ ಜೇಮ್ಸ್. ಅವನ ಮಗ ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನ ಜೊತೆ ಜಗಳಕ್ಕೆ ನಿಂತು 1642ರಲ್ಲಿ ಅಂತರ್ಯುದ್ಧ, 1649ರಲ್ಲಿ ಶಿರಚ್ಛೇದ. 1660ರಲ್ಲಿ ರಾಜಪಟ್ಟ ಮರಳಿತು, 1688ರಲ್ಲಿ ಇನ್ನೊಬ್ಬ ದೊರೆ, ಎರಡನೇ ಜೇಮ್ಸ್, ಓಡಿಹೋದ, ಮರುವರ್ಷವೇ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಬಿಲ್ ಆಫ್ ರೈಟ್ಸ್. ರಾಜ ಒಂದೇ ಆಗಿ ನೂರು ವರ್ಷ ಕಳೆದ ಮೇಲೆ, 1707ರಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪಾರ್ಲಿಮೆಂಟುಗಳೂ ಒಂದಾದವು. ಹೀಗೆ ಕಾರಣ ಗೊತ್ತಿದ್ದರೆ ಇಸವಿ ತಾನಾಗಿ ಸಾಲಿಗೆ ಬಂದು ನಿಲ್ಲುತ್ತದೆ.

ಕನ್ನಡಿಗರಿಗೆ ಇನ್ನೊಂದು ಕೊಂಡಿ ಪುಕ್ಕಟೆ ಸಿಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಕಡೆಯ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ‘ಐರನ್ ಡ್ಯೂಕ್’ ಎಂಬ ಅಡ್ಡಹೆಸರು, ಆಮೇಲೆ ಪ್ರಧಾನಿಯಾದದ್ದು, ಎರಡೂ ಕೈಪಿಡಿಯಲ್ಲಿವೆ. ಟಿಪ್ಪುವಿನ ಪ್ರಸ್ತಾಪ ಅಲ್ಲಿ ಹುಡುಕಬೇಡಿ. 1805ರ ಟ್ರಾಫಲ್ಗರ್ ಬೇರೆ, ಅದು ನೌಕಾಯುದ್ಧ, ನಾಯಕ ನೆಲ್ಸನ್.

ಅಂಕ ಕಳೆಯುವುದು ಜೋಡಿ ಇಸವಿಗಳು. 1807 ಗುಲಾಮರ ವ್ಯಾಪಾರ ನಿಂತ ವರ್ಷ, ಸಾಮ್ರಾಜ್ಯದಲ್ಲಿ ಗುಲಾಮಗಿರಿಯೇ ಹೋಗುವ ಕಾಯ್ದೆ 1833ರದ್ದು. 1918ರಲ್ಲಿ 30 ದಾಟಿದ ಹೆಂಗಸರಿಗೆ ಮತ, ಗಂಡಸರಂತೆ 21ಕ್ಕೇ ಸಿಕ್ಕಿದ್ದು 1928ರಲ್ಲಿ. ಅದೇ 1928ರಲ್ಲಿ ಪೆನ್ಸಿಲಿನ್ ಕಂಡವನು ಅಲೆಕ್ಸಾಂಡರ್ ಫ್ಲೆಮಿಂಗ್. ಜೇಮ್ಸ್ ಬಾಂಡ್ ಬರೆದ ಇಯಾನ್ ಫ್ಲೆಮಿಂಗ್ ಬೇರೆ.

ಭೂಗೋಳದಲ್ಲಿ ಗ್ರೇಟ್ ಬ್ರಿಟನ್ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಅಷ್ಟೇ. ಯುಕೆ ಎಂದಾಗ ಉತ್ತರ ಐರ್ಲೆಂಡೂ ಸೇರುತ್ತದೆ. ಚಾನೆಲ್ ದ್ವೀಪಗಳು, ಐಲ್ ಆಫ್ ಮ್ಯಾನ್ ಯುಕೆಯ ಭಾಗವಲ್ಲ. ಯುಕೆಯ ಬಾವುಟವಾದ ಯೂನಿಯನ್ ಫ್ಲ್ಯಾಗಿನಲ್ಲಿ ವೇಲ್ಸಿನ ಡ್ರ್ಯಾಗನ್ ಇಲ್ಲದಿರುವುದು, 1606ರಲ್ಲಿ ಮೊದಲ ಬಾವುಟ ಮಾಡಿದಾಗ ವೇಲ್ಸ್ ಆಗಲೇ ಇಂಗ್ಲೆಂಡಿನೊಳಗೆ ಸೇರಿಹೋಗಿದ್ದರಿಂದ.

ಸ್ಕಾಟ್ಲೆಂಡ್ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಕೋರ್ಟಿನಲ್ಲಿ ತೀರ್ಪು ಹೇಳುವ ಜನಸಾಮಾನ್ಯರ ಮಂಡಳಿಯಾದ ಜ್ಯೂರಿಯಲ್ಲಿ ಉಳಿದೆಡೆ 12 ಜನ, ಅಲ್ಲಿ 15. ಜನವರಿ 2 ಅಲ್ಲಿ ರಜೆ. ಆಯಾ ನಾಡಿನ ಪೋಷಕ ಸಂತರ ದಿನಗಳು ನಾಲ್ಕೂ ಕಡೆ ಇದ್ದರೂ, ಸರ್ಕಾರಿ ರಜೆ ಇರುವುದು ಸ್ಕಾಟ್ಲೆಂಡಿನಲ್ಲಿ ನವೆಂಬರ್ 30ಕ್ಕೆ, ಉತ್ತರ ಐರ್ಲೆಂಡಿನಲ್ಲಿ ಮಾರ್ಚ್ 17ಕ್ಕೆ ಮಾತ್ರ.

ದೀಪಾವಳಿಯ ಮೇಲೂ ಪ್ರಶ್ನೆ ಬರಬಹುದು. ನಮಗೆ ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿ ಎಂದು ಮೂರು ದಿನವಾದರೂ ಕೈಪಿಡಿಯ ಲೆಕ್ಕ ಐದು ದಿನ, ಆಚರಣೆಗೆ ಹೆಸರಾದ ಊರು ಲೆಸ್ಟರ್. ಮನೆಯ ಪದ್ಧತಿ ಬದಿಗಿಟ್ಟು ಪುಸ್ತಕದ್ದನ್ನೇ ಒತ್ತಿ. ಲಂಡನ್ನಿನ ಮೊದಲ ಕರಿ ಹೋಟೆಲು 1810ರಲ್ಲಿ ತೆರೆದ ಸೇಕ್ ದೀನ್ ಮಹೊಮೆತ್‌ನನ್ನೂ ಬಿಡಬೇಡಿ. ‘ಶಾಂಪೂಯಿಂಗ್’ ಎಂಬ ಭಾರತೀಯ ತಲೆ ಮಾಲೀಷಿನ ಪದ್ಧತಿಯನ್ನು ಇಲ್ಲಿಗೆ ತಂದವನೂ ಅವನೇ.

ಪರೀಕ್ಷಾ ಕೋಣೆಗೆ ಫೋನು, ವಾಚು, ಚೀಲ ಯಾವುದೂ ಬಿಡುವುದಿಲ್ಲ. ಮಕ್ಕಳನ್ನು ಯಾರಲ್ಲಾದರೂ ಬಿಟ್ಟು ಹೋಗಿ. ಹೊತ್ತು ಧಾರಾಳವಾಗಿರುತ್ತದೆ, ಹಾಗಾಗಿ ‘ಎರಡು ಆರಿಸಿ’ ಎಂದ ಪ್ರಶ್ನೆಗಳನ್ನು ಕೊನೆಗೆ ಮತ್ತೊಮ್ಮೆ ನೋಡಿ; ಅವಸರದಲ್ಲಿ ಒಂದನ್ನೇ ಒತ್ತಿ ಮುಂದೆ ಹೋಗಿರುತ್ತೇವೆ. ಫೇಲಾದರೆ 7 ದಿನ ಬಿಟ್ಟು ಮತ್ತೆ ದುಡ್ಡು ಕಟ್ಟಿ ಬರೆಯಬಹುದು, ಎಷ್ಟು ಸಲವಾದರೂ. ಪಾಸಾದರೆ ಒಂದು ರೆಫರೆನ್ಸ್ ನಂಬರ್ ಕೊಡುತ್ತಾರೆ. ವರ್ಷಗಳ ಮೇಲೆ ಪೌರತ್ವದ ಅರ್ಜಿಗೂ ಅದೇ ಬೇಕು, ಎರಡು ಕಡೆ ಉಳಿಸಿಕೊಳ್ಳಿ. ಇಂಗ್ಲಿಷ್ ಭಾಷೆಯ ಅರ್ಹತೆ ಇದರೊಳಗೆ ಬರುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಯೋ ಡಿಗ್ರಿಯ ದೃಢೀಕರಣವೋ ಬೇಕಾಗುತ್ತದೆ, ಅದನ್ನೂ ಈಗಲೇ ಶುರು ಮಾಡಿ.