ಆಫೀಸಿಗೆ ಬ್ರ್ಯಾಂಡ್ ಬಟ್ಟೆ: ಮೊದಲು ಭುಜ ನೋಡಿ, ಆಮೇಲೆ ಬೆಲೆ

ಆಫೀಸಿಗೆ ಬಟ್ಟೆ ತೆಗೆದುಕೊಳ್ಳಬೇಕು ಅಂತ ಹೊರಡುವ ಮುಂಚೆ ಮನೆಯ ಬೀರು ಒಂದ್ಸಲ ತೆರೆದು ನೋಡಿ. ವಾರ ವಾರ ಒಗೆಯಲು ಬೀಳುವ ಕುರ್ತಾ ಯಾವುದು? ಇಸ್ತ್ರಿ ಮಾಡಿಟ್ಟ ಹಾಗೇ ಕೂತಿರುವುದು ಯಾವುದು? ಜಾಸ್ತಿ ಹಾಕುವುದನ್ನು ಮಂಚದ ಮೇಲೆ ಹರಡಿ ಟೇಪ್ ಹಿಡಿದು ಅಳೆಯಿರಿ. ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆವರೆಗೆ ಎಷ್ಟು, ಒಂದು ಕಂಕುಳಿಂದ ಇನ್ನೊಂದಕ್ಕೆ ಎಷ್ಟು, ಉದ್ದ ಎಷ್ಟು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಕಂಕುಳ ಅಳತೆಯನ್ನು ಎರಡರಷ್ಟು ಮಾಡಿದರೆ ಬಟ್ಟೆಯ ಎದೆ ಸುತ್ತಳತೆ ಸಿಗುತ್ತದೆ. ನಿಮ್ಮ ಸೈಜ್ ಇದೇ. ಎಂ, ಎಲ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಂದೇ ಬ್ರ್ಯಾಂಡಿನ ಕುರ್ತಾ ಎಂ ಆಗಿ, ಅದೇ ಬ್ರ್ಯಾಂಡಿನ ಶರ್ಟ್ ಎಲ್ ಆಗುವುದು ತೀರಾ ಮಾಮೂಲಿ.

ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ. ದಿನಾ ರೈಲು. ಸೀಟು ಸಿಗದಿದ್ದರೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿದರೂ ಮೇಲಿನ ಕಂಬಿ ಹಿಡಿದು ನಿಂತೇ ಇರಬೇಕು. ಆಮೇಲೆ ಸಂಜೆವರೆಗೆ ಕೌಂಟರಿನಲ್ಲಿ ಕೂರಬೇಕು. ಹಾಗಾಗಿ ಬಟ್ಟೆ ನೋಡುವಾಗ ನನ್ನ ತಲೆಯಲ್ಲಿ ಓಡುವುದು ಮೂರೇ ಮಾತು. ಕೈ ಎತ್ತಿದರೆ ಕಂಕುಳಲ್ಲಿ ಎಳೆಯಬಾರದು. ಕೂತರೆ ಸೊಂಟ ಬಿಗಿಯಬಾರದು. ಮಧ್ಯಾಹ್ನದ ಊಟದ ಹೊತ್ತಿಗೆ ಮುದುರಿ ಹೋಗಿರಬಾರದು. ನಿಮ್ಮ ದಿನ ಬೇರೆ ಥರ ಇರಬಹುದು. ಹೆಬ್ಬಾಳದ ಎಸಿ ಆಫೀಸಿಗೆ ಸ್ಕೂಟರಿನಲ್ಲಿ ಹೋಗುವವರಿಗೆ ಸ್ಲಿಟ್ ಇಲ್ಲದ ಉದ್ದ ಕುರ್ತಾ ದೊಡ್ಡ ತೊಂದರೆ. ಬೋರ್ಡ್ ಮುಂದೆ ನಿಂತು ಪಾಠ ಮಾಡುವವರಿಗೆ ತೋಳು ಮುಖ್ಯ. ನಿಮ್ಮ ದಿನ ಹೇಗಿದೆಯೋ ಬಟ್ಟೆ ಅದಕ್ಕೆ ಹೊಂದಬೇಕು. ಅಂಗಡಿಯ ಗೊಂಬೆಗೆ ಚೆನ್ನಾಗಿ ಕಂಡರೆ ಸಾಲದು.

ಶೋರೂಮಿಗೆ ವಾರದ ಮಧ್ಯೆ, ಬೆಳಗ್ಗೆ ಹೋಗಿ. ದೇವರಾಜ ಅರಸು ರಸ್ತೆಯಲ್ಲಿ ಶನಿವಾರ ಸಂಜೆ ಗಾಡಿ ನಿಲ್ಲಿಸುವುದೇ ಕಷ್ಟ, ಇನ್ನು ಟ್ರಯಲ್ ರೂಮ್ ಮುಂದೆ ಸಾಲು. ಮಾಲ್ ಆಫ್ ಮೈಸೂರಿನಲ್ಲೂ ರಜಾ ದಿನ ಅದೇ ಕಥೆ. ದಸರಾ ಸಮಯದಲ್ಲಂತೂ ಆಫೀಸ್ ಬಟ್ಟೆಯ ಆಸೆ ಬಿಟ್ಟುಬಿಡಿ, ಆಗ ಮುಂದೆ ತೂಗುಹಾಕಿರುವುದೆಲ್ಲ ಹಬ್ಬದ ಬಟ್ಟೆ. ನನಗೆ ಸರಿ ಅನ್ನಿಸುವುದು ಆಷಾಢ. ಬ್ರ್ಯಾಂಡ್‌ಗಳ ಸೀಸನ್ ಮುಗಿಯುವ ಸೇಲ್ ಕೂಡ ಜೂನ್, ಜುಲೈನಲ್ಲೇ ಬರುತ್ತದೆ. ಅಂಥ ಸೇಲ್‌ನಲ್ಲಿ ಕಪ್ಪು, ನೇವಿ ಬ್ಲೂ, ಬೂದು ಬಣ್ಣದ ಪ್ಯಾಂಟ್ ಮೊದಲು ಹುಡುಕಿ. ಅವಕ್ಕೆ ಫ್ಯಾಷನ್ ಹಳೆಯದಾಗುವ ಭಯ ಇಲ್ಲ, ನಿಮ್ಮ ಸೈಜ್ ಮಾತ್ರ ಬೇಗ ಖಾಲಿಯಾಗುತ್ತದೆ.

ಇನ್ನು ಭುಜದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ದಂಡವಾಗುವುದು ಇಲ್ಲೇ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಯಲ್ಲೇ ಕೂರಬೇಕು. ತೋಳಿನ ಮೇಲೆ ಇಳಿದಿದ್ದರೆ ದೊಡ್ಡದು, ಕುತ್ತಿಗೆ ಕಡೆ ಏರಿದ್ದರೆ ಚಿಕ್ಕದು. ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಸುವುದು, ತೋಳು ಗಿಡ್ಡ ಮಾಡುವುದು, ಇವೆಲ್ಲ ಸುಲಭದ ಆಲ್ಟರೇಷನ್. ಭುಜ ಸರಿ ಮಾಡಬೇಕಾದರೆ ತೋಳು ಬಿಚ್ಚಿ, ಕಂಕುಳ ಕತ್ತರಿಸಿ, ಮತ್ತೆ ಕೂಡಿಸಬೇಕು. ನಮ್ಮ ಬೀದಿಯ ಟೈಲರ್ ಮೊದಲೇ ಹೇಳಿಬಿಡುತ್ತಾರೆ: “ಅಕ್ಕ, ಸೊಂಟ ಹೇಳಿ, ಉದ್ದ ಹೇಳಿ, ಮಾಡ್ಕೊಡ್ತೀನಿ. ಭುಜ ಮಾತ್ರ ಸರಿಯಾಗಿರೋದೇ ತನ್ನಿ.” ಎರಡು ಸೈಜ್ ನಡುವೆ ಗೊಂದಲ ಆದರೆ ಭುಜ ಯಾವುದರಲ್ಲಿ ಸರಿ ಕೂರುತ್ತದೋ ಅದನ್ನೇ ತೆಗೆದುಕೊಳ್ಳಿ. ಎದೆ ಭಾಗ ಮೈ ಅಳತೆಗಿಂತ ಮೂರು ನಾಲ್ಕು ಇಂಚು ಸಡಿಲ ಇದ್ದರೆ ನೇರ ಕುರ್ತಾದಲ್ಲಿ ದಿನವಿಡೀ ಆರಾಮ.

ಹಾಕಿ ನೋಡುವ ಮುಂಚೆ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ. ಯಾರಾದರೂ ನೋಡುತ್ತಾರೆ ಅಂತ ಸಂಕೋಚ ಬೇಡ. ಬದಿಯ ಹೊಲಿಗೆಯ ಪಕ್ಕದಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಅರ್ಧ ಇಂಚಾದರೂ ಇದ್ದರೆ ಮುಂದೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಸಬಹುದು. ಹೊಲಿಗೆಗೆ ಒತ್ತಿಕೊಂಡೇ ಓವರ್‌ಲಾಕ್ (ಅಂಚಿನ ನೂಲು ಬಿಚ್ಚದ ಹಾಗೆ ಹಾಕುವ ಹೊಲಿಗೆ) ಹೊಡೆದಿದ್ದರೆ ಆ ದಾರಿ ಮುಚ್ಚಿತು. ಆಮೇಲೆ ಸ್ಲಿಟ್ ಶುರುವಾಗುವ ಜಾಗಕ್ಕೆ ಬನ್ನಿ. ಅಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರಬೇಕು, ಇಲ್ಲವೇ ಒಳಗೆ ಪುಟ್ಟ ಪಟ್ಟಿ ಕೂಡಿಸಿರಬೇಕು. ರೈಲಿನ ಮೆಟ್ಟಿಲು ಹತ್ತುವಾಗ, ಗಾಡಿ ಮೇಲೆ ಕಾಲು ಹಾಕುವಾಗ ಮೊದಲು ಹರಿಯುವುದು ಅದೇ ಜಾಗ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ದಾರದ ನಡುವೆ ಬೆಳಕು ಕಂಡರೆ ವಾಪಸ್ ತೂಗುಹಾಕಿ. ತಿಳಿ ಬಣ್ಣದ ಬಟ್ಟೆಯಾದರೆ ಒಳಗೆ ಕೈ ಇಟ್ಟು ನೋಡಿ. ಬೆರಳು ಲೆಕ್ಕಕ್ಕೆ ಸಿಗುವ ಹಾಗೆ ಕಂಡರೆ ಲೈನಿಂಗ್ ಬೇಕೇ ಬೇಕು, ಅದೂ ಮಂಡಿವರೆಗೆ.

ಟ್ರಯಲ್ ರೂಮಿನಲ್ಲಿ ಸುಮ್ನೆ ಕನ್ನಡಿ ಮುಂದೆ ನಿಂತು ಬರಬೇಡಿ. ದಿನಾ ಹಾಕುವ ಒಳ ಉಡುಪು, ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ. ಬ್ಯಾಗ್ ಹೆಗಲಿಗೆ ಹಾಕಿಕೊಳ್ಳಿ. ರೈಲಿನ ಕಂಬಿ ಹಿಡಿದ ಹಾಗೆ ಕೈ ಮೇಲೆತ್ತಿ. ಕೆಳಗೆ ಬಿದ್ದ ಪೆನ್ ತೆಗೆಯುವ ಹಾಗೆ ಬಗ್ಗಿ, ಕುತ್ತಿಗೆ ಎಷ್ಟು ಇಳಿಯುತ್ತದೆ ನೋಡಿ. ಕೂರಲು ಸ್ಟೂಲ್ ಇಲ್ಲದಿದ್ದರೆ ಹೊರಗೆ ಬಂದು ಕೇಳಿ, ಕೊಡುತ್ತಾರೆ. ಪ್ಯಾಂಟ್ ಆದರೆ ಕೂತೇ ನೋಡಬೇಕು, ನಿಂತಾಗ ಎಲ್ಲ ಪ್ಯಾಂಟೂ ಸರಿಯಾಗೇ ಇರುತ್ತದೆ. ಶರ್ಟ್ ಆದರೆ ಎರಡೂ ಕೈ ಮುಂದೆ ಚಾಚಿ. ಎದೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಆ ಸೈಜ್ ನಿಮ್ಮದಲ್ಲ. ಪಿನ್ ಹಾಕಿಕೊಂಡರಾಯಿತು ಅಂತ ತರಬೇಡಿ, ದಿನಾ ಪಿನ್ ಹುಡುಕುವ ಕೆಲಸ ಯಾರಿಗೆ ಬೇಕು?

ಬಣ್ಣವನ್ನು ಬಾಗಿಲ ಹತ್ತಿರ, ಬಿಸಿಲ ಬೆಳಕಿನಲ್ಲಿ ನೋಡಿ. ಅಂಗಡಿಯ ಹಳದಿ ದೀಪದಲ್ಲಿ ನೇವಿ ಬ್ಲೂ, ಕಪ್ಪು ಎರಡೂ ಒಂದೇ.

ಬಟ್ಟೆಯ ಜಾತಿ ಟ್ಯಾಗಿನಲ್ಲಿ ಬರೆದಿರುತ್ತದೆ. ಪೂರ್ತಿ ಕಾಟನ್ ಮಂಡ್ಯದ ಬಿಸಿಲಿಗೆ ದೇವರು, ಆದರೆ ಮುದುರುತ್ತದೆ, ಮೊದಲ ಒಗೆತಕ್ಕೆ ಒಂದೆರಡು ಇಂಚು ಕುಗ್ಗಲೂಬಹುದು. ಲಿನನ್ ಇನ್ನೂ ಜಾಸ್ತಿ ಮುದುರುತ್ತದೆ. ವಿಸ್ಕೋಸ್, ರೇಯಾನ್ ಮೈಮೇಲೆ ಚೆನ್ನಾಗಿ ಬೀಳುತ್ತವೆ, ಅವೂ ಕುಗ್ಗುತ್ತವೆ. ಪೂರ್ತಿ ಪಾಲಿಯೆಸ್ಟರ್‌ಗೆ ಇಸ್ತ್ರಿ ಬೇಡ, ಏಪ್ರಿಲ್‌ನಲ್ಲಿ ಮಾತ್ರ ಬೆವರು ಆರುವುದಿಲ್ಲ. ದಿನದ ಕೆಲಸಕ್ಕೆ ನನ್ನ ಆಯ್ಕೆ ಕಾಟನ್ ಜಾಸ್ತಿ ಇರುವ ಮಿಶ್ರಣ. ಮುಷ್ಟಿಯಲ್ಲಿ ಒಂದು ತುದಿ ಹಿಂಡಿ, ಹತ್ತು ಎಣಿಸಿ ಬಿಡಿ. ಮಡಿಕೆ ಹಾಗೇ ಉಳಿದರೆ ಮಧ್ಯಾಹ್ನಕ್ಕೆ ಇಡೀ ಕುರ್ತಾ ಹಾಗೇ ಆಗುತ್ತದೆ. ಪ್ಯಾಂಟಿಗೆ ಒಂದು ಚೂರು ಸ್ಪ್ಯಾಂಡೆಕ್ಸ್, ಅಂದರೆ ಎಳೆದರೆ ಹಿಗ್ಗುವ ನೂಲು, ಇದ್ದರೆ ಕೂರಲು ಹಿತ.

ಬ್ಲೇಜರ್ ನಮ್ಮ ಕಡೆಯ ಹೆಚ್ಚಿನ ಆಫೀಸುಗಳಿಗೆ ದಿನಾ ಬೇಕಿಲ್ಲ. ಸಂದರ್ಶನಕ್ಕೆ, ಬೆಂಗಳೂರಿನ ಮೀಟಿಂಗಿಗೆ ಅಂತ ತೆಗೆದುಕೊಂಡರೆ ಹಾಕುವ ಮುಂಚೆ ಹಿಂದಿನ ಸೀಳಿಗೆ ಹಾಕಿರುವ ಅಡ್ಡ ದಾರ ಕತ್ತರಿಸಿ. ಜೇಬಿಗೂ ಹಾಗೆ ಹೊಲಿದಿರುತ್ತಾರೆ. ಅದು ಅಂಗಡಿವರೆಗೆ ಆಕಾರ ಕೆಡದಿರಲಿ ಅಂತ ಹಾಕಿದ ದಾರ, ಹಾಗೇ ಬಿಡಲು ಅಲ್ಲ.

ಬೆಲೆ ಲೆಕ್ಕ ಹೀಗೆ ಹಾಕಿ. 1,800 ರೂಪಾಯಿಯ ಕುರ್ತಾ ವಾರಕ್ಕೊಂದು ಸಲದಂತೆ ವರ್ಷದಲ್ಲಿ 50 ಸಲ ಹಾಕಿದರೆ ಒಂದು ಸಲಕ್ಕೆ 36 ರೂಪಾಯಿ. ಸೇಲ್‌ನಲ್ಲಿ 700ಕ್ಕೆ ತಂದು ಎರಡೇ ಸಲ ಹಾಕಿದ್ದು 350 ರೂಪಾಯಿ. ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗೆ ನಾನು ಹೇಳುವುದು, ಮೊದಲ ಸಂಬಳಕ್ಕೆ ಎರಡು ಪ್ಯಾಂಟ್, ಅವೆರಡಕ್ಕೂ ಹೊಂದುವ ಮೂರು ಕುರ್ತಾ ಸಾಕು. ಉಳಿದದ್ದು ಕೆಲಸ ಹೇಗಿದೆ ಅಂತ ಗೊತ್ತಾದ ಮೇಲೆ ನೋಡಿಕೊಳ್ಳಬಹುದು. “50 ಪರ್ಸೆಂಟ್‌ವರೆಗೆ” ಅನ್ನುವ ಬೋರ್ಡಿನಲ್ಲಿ “ವರೆಗೆ” ಅನ್ನುವುದನ್ನು ಚಿಕ್ಕದಾಗಿ ಬರೆದಿರುತ್ತಾರೆ, ಅದನ್ನು ಓದಿ.

ಬಿಲ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ನೋಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಅದರ ಮೇಲೆ ಮತ್ತೆ ಹಾಕುವ ಹಾಗಿಲ್ಲ. ಬಟ್ಟೆಯಲ್ಲಿ ದೋಷ ಇದ್ದರೆ “ಸೇಲ್ ಮಾಲು, ವಾಪಸ್ ಇಲ್ಲ” ಅನ್ನುವ ಮಾತಿಗೆ ಹೆದರಬೇಡಿ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ತಪ್ಪು. ಗ್ರಾಹಕ ಸಹಾಯವಾಣಿ ನಂಬರ್ 1915.

ಆನ್‌ಲೈನಿನಲ್ಲಿ ತರಿಸುವುದಾದರೆ ಸೈಜ್ ಚಾರ್ಟಿನಲ್ಲಿ ಕೊಟ್ಟಿರುವುದು ಮೈ ಅಳತೆಯೋ ಬಟ್ಟೆ ಅಳತೆಯೋ ಅಂತ ಮೊದಲು ನೋಡಿ. ಬಟ್ಟೆ ಅಳತೆ ಆದರೆ ಮೊಬೈಲಿನಲ್ಲಿ ಬರೆದಿಟ್ಟ ಮೂರು ಅಂಕಿ ಜತೆ ಹೋಲಿಸಿದರೆ ಸಾಕು. ಮಾಡೆಲ್ ಫೋಟೋಗಿಂತ ಕೊಂಡವರು ಹಾಕಿರುವ ಫೋಟೋ ನಂಬಿ.

ಮನೆಗೆ ತಂದ ಮೇಲೆ ಟ್ಯಾಗ್ ಕೀಳುವ ಮುಂಚೆ ಇನ್ನೊಮ್ಮೆ ಹಾಕಿ, ಅಡುಗೆ ಮನೆಯಲ್ಲಿ ಮೇಲಿನ ಡಬ್ಬ ತೆಗೆದು, ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಒಪ್ಪಿಗೆ ಆದರೆ ತಣ್ಣೀರಿನಲ್ಲಿ ಬೇರೆಯಾಗಿ ಒಂದು ಸಲ ಒಗೆದು ಒಣಗಿಸಿ. ಕಾಟನ್ ಆಗಲಿ ರೇಯಾನ್ ಆಗಲಿ, ಉದ್ದ ಕಡಿಮೆ ಮಾಡಿಸಲು ಟೈಲರ್ ಹತ್ತಿರ ಹೋಗುವುದು ಆ ಒಗೆತ ಆದ ಮೇಲೆ.