ಗಾಳ ಹಾಕಿ ಹಾಕಿ ಬೆರಳು, ಮಣಿಕಟ್ಟು ನೋಯೋರಿಗೆ: ಗೋವಾದಲ್ಲಿ ನಾನು ಮಾಡ್ಕೊಂಡಿದ್ದು

ಬಾಟಲಿ ಮುಚ್ಚಳ ತಿರುಗಿಸೋಕೆ ಹೋದ್ರೆ ಹೆಬ್ಬೆರಳ ಬುಡದಲ್ಲಿ ಚುಳ್ ಅನ್ನೋದು, ಬೆಳಿಗ್ಗೆ ಎದ್ದಾಗ ಉಂಗುರದ ಬೆರಳು ಮಡಚಿದ್ದು ಮಡಚಿದ ಹಾಗೇ ಸಿಕ್ಕಿಕೊಂಡಿರೋದು, ರಾತ್ರಿ ನಿದ್ದೆಯಲ್ಲಿ ಕೈ ಜೋಮು ಹಿಡಿದು ಎಚ್ಚರ ಆಗೋದು. ವಾರಕ್ಕೆ ಮೂರ್ನಾಲ್ಕು ಸಲ ರಾಡ್ ಹಿಡಿಯೋರಿಗೆ ಇದ್ರಲ್ಲಿ ಒಂದಾದ್ರೂ ಪರಿಚಯ ಇರುತ್ತೆ. ನಾನು ಅಂಕೋಲಾ ಕಡೆಯವನು, ಕೆಲಸಕ್ಕೆ ಅಂತ ವಾಸ್ಕೋಗೆ ಬಂದು ಇಲ್ಲೇ ಉಳಿದೆ, ಝುವಾರಿ ನದಿ ದಡದಲ್ಲಿ ಲೂರ್, ಅಂದ್ರೆ ಮೀನನ್ನ ಸೆಳೆಯೋ ನಕಲಿ ಎರೆ, ಹಾಕೋದು ನನಗೆ ಊಟ ನಿದ್ದೆ ಇದ್ದಷ್ಟೇ ಮುಖ್ಯ. ಹಾಗಾಗಿ ಕೈ ನೋವು ಬಂದಾಗ ಗಾಳ ಬಿಟ್ಟುಬಿಡು ಅಂತ ಹೇಳಿದವರ ಮಾತು ನನಗೆ ಹಿಡಿಸಲಿಲ್ಲ. ಬಿಡದೆ ಏನು ಮಾಡಬಹುದು ಅಂತ ಹುಡುಕಿ ಮಾಡ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಒಂದು ಲೆಕ್ಕ ನೋಡಿ. 4000 ಸೈಜಿನ ಸ್ಪಿನಿಂಗ್ ರೀಲು (ರಾಡಿಗೆ ಕೂರಿಸಿ ದಾರ ಸುತ್ತೋ ಸಾಧನ), ಹ್ಯಾಂಡಲ್ ಒಂದು ಸುತ್ತು ತಿರುಗಿಸಿದ್ರೆ ಸುಮಾರು 80 ಸೆಂಟಿಮೀಟರ್ ದಾರ ಒಳಗೆ ಬರುತ್ತೆ. 40 ಮೀಟರ್ ದೂರ ಎಸೆದ್ರೆ ವಾಪಸ್ ಸುತ್ತೋಕೆ 50 ಸುತ್ತು. ನೂರು ಸಲ ಎಸೆದ್ರೆ 5000 ಸುತ್ತು, ಲೂರ್ ಹಾಕೋರಿಗೆ ಒಂದು ಬೆಳಗಿನ ಉಬ್ಬರದಲ್ಲಿ ನೂರು ಎಸೆತ ಏನೂ ದೊಡ್ಡದಲ್ಲ. ಈ ಅಷ್ಟೂ ಹೊತ್ತು ಇನ್ನೊಂದು ಕೈ ರಾಡನ್ನ ಗಟ್ಟಿಯಾಗಿ ಹಿಡಿದೇ ಇರುತ್ತೆ, ಮೀನು ಇರಲಿ ಇಲ್ಲದಿರಲಿ. ದೊಡ್ಡ ಚೋಣಕ್ ಮೀನು (ಬಾರಾಮುಂಡಿ) ಒಂದು ಎಳೆದು ಕೈ ಹೋಯ್ತು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಮೀನು ಎಳೆಯೋದು ಐದು ನಿಮಿಷ, ಖಾಲಿ ರಾಡ್ ಹಿಸುಕೋದು ಮೂರು ಗಂಟೆ. ಕೈ ಹಾಳಾಗೋದು ಈ ಮೂರು ಗಂಟೆಯಲ್ಲೇ, ನಾನು ಸರಿ ಮಾಡ್ಕೊಂಡಿದ್ದೂ ಅದನ್ನೇ.

ನನ್ನ ನೋವು ಹೆಬ್ಬೆರಳ ಕಡೆ ಮಣಿಕಟ್ಟಲ್ಲಿ. ಫಿಸಿಯೋ ಮೇಡಂ ಹುಬ್ಬಳ್ಳಿಯವರು, ಕನ್ನಡದಲ್ಲೇ ಮಾತಾಡಿದ್ರು. "ಹೆಬ್ಬೆರಳ ಒಳಗ ಹಾಕಿ ಮುಷ್ಟಿ ಕಟ್ರಿ, ಈಗ ಮಣಿಕಟ್ಟ ಕಿರುಬೆರಳ ಕಡೆ ಹಗೂರಕ ಬಗ್ಗಸ್ರಿ" ಅಂದ್ರು, ಬಗ್ಗಿಸಿದ್ದೇ ತಡ ಕಣ್ಣಲ್ಲಿ ನೀರು ಬಂತು. ಇದನ್ನ ಸಾಮಾನ್ಯವಾಗಿ ಫಿಂಕಲ್‌ಸ್ಟೀನ್ ಟೆಸ್ಟ್ ಅಂತಾರೆ. ಆರಾಮಿರೋ ಕೈಗೂ ಸ್ವಲ್ಪ ಎಳೆದ ಹಾಗಾಗುತ್ತೆ, ಅದಕ್ಕೆ ಎರಡೂ ಕೈ ಹೋಲಿಸಿ ನೋಡ್ಬೇಕು. ಡಿ ಕ್ವೆರ್ವೇನ್ ಅಂತ ಹೆಸರು ಈ ತೊಂದರೆಗೆ, 1895ರಲ್ಲಿ ಇದನ್ನ ವಿವರಿಸಿದ ಸ್ವಿಟ್ಜರ್‌ಲೆಂಡ್ ಸರ್ಜನ್ ಹೆಸರು ಅದು. ಹೆಬ್ಬೆರಳನ್ನ ಎತ್ತೋ ಎರಡು ಸ್ನಾಯುರಜ್ಜು (ಸ್ನಾಯುನ ಮೂಳೆಗೆ ಕಟ್ಟೋ ಹುರಿ) ಮಣಿಕಟ್ಟಿನ ಹತ್ರ ಒಂದು ಸಣ್ಣ ಸುರಂಗದ ಒಳಗೆ ಓಡಾಡ್ತವೆ, ಅದರ ಪೊರೆ ದಪ್ಪ ಆಗಿ ಜಾಗ ಕಮ್ಮಿ ಆದ್ರೆ ಪ್ರತಿ ಸಲ ಹೆಬ್ಬೆರಳು ಆಡಿಸಿದಾಗಲೂ ಉಜ್ಜುತ್ತೆ. ನಮ್ಮ ಅತ್ತಿಗೆಗೆ ಬಾಣಂತನದಲ್ಲಿ ಮಗುನ ಎತ್ತಿ ಎತ್ತಿ ಇದೇ ನೋವು ಬಂದಿತ್ತು ಅಂತ ಆಮೇಲೆ ಮಾತಾಡುವಾಗ ಗೊತ್ತಾಯ್ತು, ಬಾಣಂತಿಯರಲ್ಲಿ ಇದು ತುಂಬ ಸಾಮಾನ್ಯ ಅಂತೆ.

ಎಲ್ಲರ ನೋವೂ ಇದೇ ಅಲ್ಲ. ನನ್ನ ಜೊತೆ ಕುಠ್ಠಾಳಿ ಕಡೆ ಬರೋ ಕುಮಟಾದ ದೋಸ್ತನಿಗೆ ಉಂಗುರದ ಬೆರಳು ಸಿಕ್ಕಿಕೊಂಡು ಟಕ್ ಅಂತ ಬಿಡೋದು, ಅದು ಟ್ರಿಗರ್ ಫಿಂಗರ್. ಅಂಗೈಯಲ್ಲಿ ಬೆರಳಿನ ಬುಡ ಒತ್ತಿದ್ರೆ ಸಣ್ಣ ಗಂಟು ಕೈಗೆ ಸಿಗುತ್ತೆ. ಶುಗರ್ ಇರೋರಿಗೆ ಇದು ಜಾಸ್ತಿ ಬರುತ್ತೆ, ಅವನಿಗೂ ಶುಗರ್ ಇದೆ. ಇನ್ನು ಹೆಬ್ಬೆರಳು, ತೋರು ಬೆರಳು, ನಡು ಬೆರಳು ಜೋಮು ಹಿಡಿದು ರಾತ್ರಿ ಕೈ ಕೊಡವಿಕೊಂಡು ಏಳೋ ಹಾಗಾದ್ರೆ ಅದು ಕಾರ್ಪಲ್ ಟನಲ್, ನರ ಒತ್ತಿಕೊಂಡಿರೋದು, ಅದಕ್ಕೆ ನೋವಿನ ಜೆಲ್ ಹಚ್ಚಿ ಪ್ರಯೋಜನ ಇಲ್ಲ. ಮೊಣಕೈ ಹೊರಗಡೆ ನೋವಿದ್ರೆ ಟೆನಿಸ್ ಎಲ್ಬೋ, ಭಾರದ ಜಿಗ್ (ಲೋಹದ ತೂಕ ಇರೋ ಲೂರ್) ಎಸೆಯೋರಿಗೆ ಬರುತ್ತೆ. ಯಾವ ನೋವು ಅಂತ ಒಂದ್ಸಲ ಡಾಕ್ಟರ್ ಹತ್ರ ಖಾತ್ರಿ ಮಾಡ್ಕೊಳ್ಳಿ ಅಂತ ಕೈ ಮುಗಿದು ಕೇಳ್ತೀನಿ, ಯಾಕಂದ್ರೆ ಒಂದಕ್ಕೆ ಮಾಡೋ ಉಪಚಾರ ಇನ್ನೊಂದಕ್ಕೆ ಆಗಲ್ಲ.

ನಾನು ಎರಡನೇ ಸಲ ಹೋದಾಗ ಮೇಡಂ "ರಾಡ್ ತಗೊಂಡ ಬರ್ರಿ, ಹೆಂಗ ಹಿಡೀತೀರಿ ನೋಡೂಣು" ಅಂದ್ರು. ಇದು ನನಗೆ ಸಿಕ್ಕ ದೊಡ್ಡ ಸಹಾಯ. ಕ್ಲಿನಿಕ್ ಒಳಗೇ ನಿಂತು ರಾಡ್ ಹಿಡಿದು ಪಾಪರ್ (ನೀರಿನ ಮೇಲೆ ಚಿಮ್ಮಿಸಿ ಆಡಿಸೋ ಲೂರ್) ಆಡಿಸೋ ಹಾಗೆ ಮಣಿಕಟ್ಟನ್ನ ಕೆಳಗೆ ಕೆಳಗೆ ಹೊಡೆದು ತೋರಿಸಿದೆ. "ಇಲ್ಲೇ ಐತ್ರಿ ನೋಡ್ರಿ" ಅಂದ್ರು. ಪಾಪರ್, ಜರ್ಕ್‌ಬೈಟ್ (ಎಳೆದೆಳೆದು ಆಡಿಸೋ ಲೂರ್) ಎರಡನ್ನೂ ರಾಡ್ ತುದಿ ಕೆಳಗೆ ಚುಟುಕು ಚುಟುಕಾಗಿ ಹೊಡೆದು ಆಡಿಸ್ತೀವಲ್ಲ, ಆಗ ಮಣಿಕಟ್ಟು ಕಿರುಬೆರಳ ಕಡೆ ಬಗ್ಗುತ್ತೆ, ಹೆಬ್ಬೆರಳು ಗ್ರಿಪ್ ಮೇಲೆ ಒತ್ತಿಕೊಂಡಿರುತ್ತೆ. ಅಂದ್ರೆ ಆ ಟೆಸ್ಟಲ್ಲಿ ನೋವು ಬರಿಸಿದ ಚಲನೆನೇ ನಾನು ಬೆಳಗಿಂದ ಮಾಡ್ತಾ ಇದ್ದಿದ್ದು.

ಮೊದಲ ಕೆಲವು ವಾರ ಲೂರ್ ಪೂರ್ತಿ ಬಂದ್. ಹೆಬ್ಬೆರಳನ್ನೂ ಸೇರಿಸಿ ಹಿಡಿಯೋ ಸ್ಪ್ಲಿಂಟ್, ಅಂದ್ರೆ ಅಲ್ಲಾಡದ ಹಾಗೆ ಕಟ್ಟೋ ಗಟ್ಟಿ ಪಟ್ಟಿ, ಹಾಕಿದ್ರು. ಮೆಡಿಕಲ್ ಶಾಪಲ್ಲಿ ಸಿಗೋ ಬರೀ ಮಣಿಕಟ್ಟಿನ ಬೆಲ್ಟು ಈ ನೋವಿಗೆ ಸಾಲಲ್ಲ, ಹೆಬ್ಬೆರಳು ಅಲ್ಲಾಡ್ತಾನೇ ಇರುತ್ತೆ. ಸಾಮಾನ್ಯವಾಗಿ 4ರಿಂದ 6 ವಾರ ಹಾಕ್ಕೊಳ್ಳೋಕೆ ಹೇಳ್ತಾರೆ, ನಡುವೆ ದಿನಕ್ಕೆ ಒಂದೆರಡು ಸಲ ತೆಗೆದು ಮೆಲ್ಲಗೆ ಬೆರಳಾಡಿಸಬೇಕು, ಇಲ್ಲಾಂದ್ರೆ ಬಿಗಿಯುತ್ತೆ. ಐಸನ್ನ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ, ಡೈಕ್ಲೋಫೆನಾಕ್ ಜೆಲ್ ಹಗೂರಕ್ಕೆ ಸವರೋದು, ತಿಕ್ಕಿ ತಿಕ್ಕಿ ಮಾಲೀಶು ಮಾಡಬಾರದು. ಜೆಲ್ ಹಚ್ಚಿ ನೋವು ಗೊತ್ತಾಗ್ದೆ ಇರುವಾಗ ರಾಡ್ ಹಿಡ್ಕೊಂಡು ಹೋಗೋದು ಮಾತ್ರ ಬೇಡವೇ ಬೇಡ, ಕೈ ಕೊಡೋ ಎಚ್ಚರಿಕೆನೇ ಹೋಗಿಬಿಡುತ್ತೆ. ಆ ದಿನಗಳಲ್ಲಿ ಸ್ಕೂಟರ್ ಆಕ್ಸಿಲರೇಟರ್ ತಿರುಗಿಸೋದು, ಹೆಬ್ಬೆರಳಲ್ಲಿ ಮೊಬೈಲ್ ಸರಿಸೋದು, ಒದ್ದೆ ಬಟ್ಟೆ ಹಿಂಡೋದು ಇವೆಲ್ಲ ಎಷ್ಟು ನೋಯಿಸ್ತವೆ ಅಂತ ಗೊತ್ತಾಯ್ತು. ಮೊಬೈಲನ್ನ ಟೇಬಲ್ ಮೇಲೆ ಇಟ್ಟು ತೋರು ಬೆರಳಲ್ಲಿ ಒತ್ತೋ ಅಭ್ಯಾಸ ಮಾಡ್ಕೊಂಡೆ, ಈಗಲೂ ಹಾಗೇ.

ದೋಸ್ತನಿಗೆ ಸ್ಪ್ಲಿಂಟಿಂದ ಬಗೆಹರಿಯಲಿಲ್ಲ, ಬೆರಳ ಬುಡಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ರು, ಅದರಲ್ಲೇ ಸರಿ ಹೋಯ್ತು. ಶುಗರ್ ಇರೋರು ಗಮನಿಸಬೇಕಾದ್ದು, ಈ ಇಂಜೆಕ್ಷನ್ ಆದ್ಮೇಲೆ ಕೆಲವು ದಿನ ಶುಗರ್ ಏರುತ್ತೆ, ಮೊದಲೇ ಡಾಕ್ಟರಿಗೆ ಹೇಳಿ ಮನೇಲಿ ಚೆಕ್ ಮಾಡ್ಕೊಳ್ತಾ ಇರಿ. ಅದಕ್ಕೂ ಜಗ್ಗದಿದ್ರೆ ಸಣ್ಣ ಆಪರೇಷನ್ ಇದೆ, ಆ ಜಾಗಕ್ಕಷ್ಟೇ ಮರಗಟ್ಟೋ ಮದ್ದು ಕೊಟ್ಟು ಬಿಗಿಯಾದ ಪಟ್ಟಿ ಬಿಡಿಸ್ತಾರೆ.

ಈಗ ಸಾಮಾನಿನ ವಿಷಯ, ನನ್ನ ಕೈ ಉಳಿಸಿದ್ದು ಮುಖ್ಯವಾಗಿ ಇದೇ. ನನ್ನ ರಾಡಿನ ಗ್ರಿಪ್ ತೆಳ್ಳಗಿತ್ತು. ತೆಳ್ಳಗಿರೋದನ್ನ ಹಿಡಿಯೋಕೆ ಬೆರಳು ಜಾಸ್ತಿ ಮಡಚಬೇಕು, ಜಾಸ್ತಿ ಹಿಸುಕಬೇಕು, ಒದ್ದೆ ಆದ್ರಂತೂ ಜಾರುತ್ತೆ ಅಂತ ಇನ್ನೂ ಬಿಗಿ ಹಿಡೀತೀವಿ. ಬ್ಯಾಡ್ಮಿಂಟನ್ ರಾಕೆಟಿಗೆ ಸುತ್ತೋ ಟವೆಲ್ ಗ್ರಿಪ್ಪನ್ನ ಮೊದಲು ಸುತ್ತಿ ನೋಡಿದೆ, ದಪ್ಪ ಸರಿ ಆಯ್ತು ಆದ್ರೆ ಉಪ್ಪುನೀರು ಕುಡಿದು ವಾಸನೆ ಹಿಡೀತು. ಆಮೇಲೆ ಸೈಕಲ್ಲಿನ ಹಳೇ ಟ್ಯೂಬ್ ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ ಒಂದರ ಮೇಲೊಂದು ಸುತ್ತಿ, ಅದರ ಮೇಲೆ ರಾಕೆಟಿನ ತೆಳು ಓವರ್‌ಗ್ರಿಪ್ ಸುತ್ತಿದೆ. ಓವರ್‌ಗ್ರಿಪ್ ಹಾಳಾದ್ರೆ ಬದಲಾಯಿಸೋದು ಸುಲಭ, ಖರ್ಚೂ ಕಮ್ಮಿ. ಎಷ್ಟು ದಪ್ಪ ಬೇಕು ಅಂದ್ರೆ, ಮುಷ್ಟಿ ಹಿಡಿದಾಗ ಬೆರಳ ತುದಿ ಅಂಗೈಗೆ ತಾಗಬಾರದು, ಹೆಬ್ಬೆರಳಿನ ತುದಿ ಹತ್ರ ಬಂದು ನಿಲ್ಲಬೇಕು. ರೀಲಿನ ಹ್ಯಾಂಡಲ್ಲಿಗೆ ಇದ್ದ ಚಿಕ್ಕ ಚಪ್ಪಟೆ ನಾಬ್ ತೆಗೆದು ದುಂಡಗಿನ ಫೋಮ್ ನಾಬ್ ಹಾಕಿಸಿದೆ. ಮುಂಚೆ ಎರಡು ಬೆರಳಲ್ಲಿ ಚಿವುಟಿ ತಿರುಗಿಸ್ತಿದ್ದೆ, ಈಗ ಇಡೀ ಕೈ ಸಡಿಲವಾಗಿ ಅದರ ಮೇಲಿಟ್ರೆ ಸಾಕು.

ರೀಲೂ ಚಿಕ್ಕದು ಮಾಡಿದೆ. 4000ದಿಂದ 2500ಕ್ಕೆ ಇಳಿದ್ರೆ ನದಿ ಬಾಯಲ್ಲಿ ಚೋಣಕ್ ತಡೆಯುತ್ತಾ ಅಂತ ಹೆದರಿಕೆ ಇತ್ತು, ಆದ್ರೆ ಬ್ರೇಡ್ (ಹೆಣೆದ ಗಾಳದ ದಾರ) ತೆಳ್ಳಗಿರೋದ್ರಿಂದ ಚಿಕ್ಕ ಸ್ಪೂಲಿಗೂ ಬೇಕಾದಷ್ಟು ಹಿಡಿಯುತ್ತೆ, ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡೋ ಬ್ರೇಕು) ಸರಿ ಇಟ್ಟುಕೊಂಡ್ರೆ ತೊಂದರೆ ಇಲ್ಲ. ಭಾರಕ್ಕಿಂತ ಬ್ಯಾಲೆನ್ಸ್ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ರೀಲ್ ಕೂರಿಸಿ ರಾಡನ್ನ ತೋರು ಬೆರಳ ಮೇಲೆ ಇಟ್ಟು ನೋಡಿ, ರೀಲಿನ ಸ್ವಲ್ಪ ಮುಂದೆ ನಿಂತ್ರೆ ಚೆನ್ನಾಗಿದೆ, ತುದಿ ಕಡೆ ವಾಲಿದ್ರೆ ಆ ವಾಲಿಕೆನ ಇಡೀ ಬೆಳಿಗ್ಗೆ ನಿಮ್ಮ ಮಣಿಕಟ್ಟೇ ಎತ್ತಿ ಹಿಡೀಬೇಕು.

ಹಿಡಿಯೋ ರೀತಿ: ರೀಲಿನ ಕಾಲಿನ ಎರಡು ಪಕ್ಕ ಎರಡೆರಡು ಬೆರಳು, ನಡು ಬೆರಳು ಉಂಗುರದ ಬೆರಳಿನ ನಡುವೆ ಕಾಲು, ಆಗ ರೀಲು ಬೆರಳ ಮೇಲೆ ತೂಗುತ್ತೆ, ಹಿಸುಕಬೇಕಾಗಿಲ್ಲ. ರಾಡಿನ ಹಿಂದಿನ ತುದಿನ ಮೊಣಕೈ ಕೆಳಗೆ ತೋಳಿಗೆ ಆನಿಸ್ತೀನಿ. ಎಸೆಯುವಾಗ ಕೆಳಗಿನ ಕೈಯಿಂದ ಹಿಂದಿನ ತುದಿನ ಎಳ್ಕೊಳ್ಳೋದು, ಮೇಲಿನ ಕೈ ಬರೀ ದಾರಿ ತೋರಿಸೋದು, ರಾಡ್ ಬಾಗಿ ತಾನೇ ಎಸೆಯುತ್ತೆ. ಮಣಿಕಟ್ಟಿಂದ ಬೀಸಿ ಎಸೆಯೋರು ಈ ಒಂದನ್ನ ಬದಲಾಯಿಸಿದ್ರೂ ವ್ಯತ್ಯಾಸ ಕಾಣುತ್ತೆ. ಸ್ಪಿನಿಂಗ್ ರೀಲಿನ ಹ್ಯಾಂಡಲ್ ಎರಡೂ ಕಡೆ ಹಾಕಬಹುದು, ನಾನು ಎಡಗೈಯಲ್ಲಿ ಸುತ್ತೋದು ಬಲಗೈಯಲ್ಲಿ ಸುತ್ತೋದು ಎರಡೂ ಕಲಿತೆ, ಮೊದಮೊದಲು ಕೈ ಮಾತು ಕೇಳಲ್ಲ, ಆಮೇಲೆ ಒಗ್ಗುತ್ತೆ.

ಲೂರೂ ಬದಲಾಯ್ತು. ಪಾಪರ್ ಅಪರೂಪ, ಜಾಸ್ತಿ ಸಾಫ್ಟ್ ಪ್ಲಾಸ್ಟಿಕ್ಕು, ಅಂದ್ರೆ ಮೆತ್ತನೆ ರಬ್ಬರಿನಂಥ ಲೂರು, ನಿಧಾನಕ್ಕೆ ಸುತ್ತಿದ್ರೆ ಬಾಲ ತಾನೇ ಆಡುತ್ತೆ, ಕೈ ಹೊಡೆಯೋ ಕೆಲಸ ಇಲ್ಲ. ನೀರು ಇಳಿಯುವಾಗ ಖಾಜನ್ ಗದ್ದೆಗಳ (ಏರಿ ಕಟ್ಟಿದ ನದಿ ದಡದ ತಗ್ಗು ಗದ್ದೆ) ಮಾನಸ್ ಹತ್ರ, ಅಂದ್ರೆ ನೀರು ಬಿಡೋ ಬಾಗಿಲ ಹತ್ರ, ಜೀವಂತ ಸಿಗಡಿ ಚುಚ್ಚಿ ಫ್ಲೋಟ್ ಬಿಟ್ಟು ಕೂತ್ರೆ ಗಂಟೆಗೆ ಬೆರಳೆಣಿಕೆ ಎಸೆತ, ತಾಂಬ್ಸೊ (ಕೆಂಪು ಸ್ನ್ಯಾಪರ್ ಮೀನು) ಸಿಗೋ ಜಾಗನೂ ಅದೇ. ರಾಡನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಕೈಗೆ ಪೂರ್ತಿ ಬಿಡುವು ಕೊಡಬಹುದು. ಲೂರ್ ಹಾಕೋ ದಿನ ಮಾತ್ರ ಅರ್ಧ ಗಂಟೆಗೊಮ್ಮೆ ರಾಡ್ ಕೆಳಗಿಟ್ಟು ಬೆರಳು ಆಡಿಸ್ತೀನಿ, ಮೀನು ಕಚ್ತಾ ಇದ್ರೂ ಇಡ್ತೀನಿ.

ಬೆರಳಾಡಿಸೋದು ಹೀಗೆ: ಎಲ್ಲ ಬೆರಳು ನೇರ, ಆಮೇಲೆ ತುದಿ ಮಾತ್ರ ಕೊಕ್ಕೆ ಹಾಗೆ ಮಡಚೋದು, ಮತ್ತೆ ನೇರ, ಪೂರ್ತಿ ಮುಷ್ಟಿ, ಮತ್ತೆ ನೇರ, ಬುಡದಿಂದ ಮಾತ್ರ ಬಗ್ಗಿಸಿ ಬೆರಳು ಚಪ್ಪಟೆ ಇಡೋದು. ಬಲ ಹಾಕಬಾರದು. ಮನೇಲಿ ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸೋದು ಮಾಡ್ತೀನಿ, ದಿನವಿಡೀ ಮುಚ್ಚೋ ಕೆಲಸನೇ ಮಾಡೋ ಕೈಗೆ ತೆರೆಯೋ ಸ್ನಾಯುವೂ ಗಟ್ಟಿ ಇರಬೇಕು. ಇದನ್ನ ನೋವು ಇಳಿದ ಮೇಲಷ್ಟೇ ಶುರು ಮಾಡಿದ್ದು. ಸ್ಪಂಜ್ ಬಾಲ್ ಹಿಸುಕಿ ಅಂತ ಎಷ್ಟೋ ಜನ ಹೇಳ್ತಾರೆ, ಹಿಸುಕಿ ಹಿಸುಕಿನೇ ನೋವು ಬಂದವರಿಗೆ ಅದು ಬೇಡ ಅಂತ ಮೇಡಂ ಖಡಾಖಂಡಿತ ಹೇಳಿದ್ರು.

ಬ್ರೇಡ್ ಬೆರಳು ಕೊಯ್ಯೋದು ಬೇರೆ ವಿಷಯ. ಎಸೆಯುವಾಗ ದಾರ ಹಿಡಿಯೋ ತೋರು ಬೆರಳಿಗೆ ಬಟ್ಟೆಯ ಮೆಡಿಕಲ್ ಟೇಪ್ ಎರಡು ಸುತ್ತು ಸುತ್ತಿ. ಲೂರ್ ಕಲ್ಲಿಗೋ ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೋ ಸಿಕ್ಕಿದ್ರೆ ಬ್ರೇಡನ್ನ ಕೈಗೆ ಸುತ್ತಿ ಎಳೆಯೋದು ಯಾವತ್ತೂ ಬೇಡ, ಬೆರಳ ಸ್ನಾಯುರಜ್ಜುವರೆಗೂ ಕೊಯ್ಯಬಹುದು. ಚೀಲದಲ್ಲಿ ಒಂದು ಗೇಣು ಮರದ ತುಂಡು ಇಟ್ಕೊಳ್ಳಿ, ಅದಕ್ಕೆ ಸುತ್ತಿ ಎಳೀರಿ, ಗಂಟು ಬಿಗಿಯೋಕೂ ಅದೇ ಆಗುತ್ತೆ.

ಕೊನೆಯದಾಗಿ, ಉಳುಕಿನ ನೋವು ಅಂತ ತಿಳ್ಕೊಂಡು ಬಿಡಬಾರದ ನೋವೊಂದಿದೆ. ಮೀನಿನ ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ ಬಿಸಿಯಾಗಿ ಊದ್ಕೊಂಡು ಜುಮುಜುಮು ಹೊಡೀತಿದ್ರೆ ಅದು ಸೋಂಕು. ಮೀಸೆ ಇರೋ ಕ್ಯಾಟ್‌ಫಿಶ್ ಮುಳ್ಳಲ್ಲಿ ವಿಷ ಇರುತ್ತೆ, ಚುಚ್ಚಿದ ಕೂಡ್ಲೇ ತಡೆಯೋಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಟ್ರೆ ನೋವು ಇಳಿಯುತ್ತೆ. ನೋವಿರೋ ಕೈಗೆ ಬಿಸಿ ಎಷ್ಟು ಅಂತ ಸರಿಯಾಗಿ ತಿಳಿಯಲ್ಲ, ಚೆನ್ನಾಗಿರೋ ಕೈ ಮೊದಲು ಅದ್ದಿ ನೋಡಿ. ಮುಳ್ಳಿನ ಚೂರು ಒಳಗೆ ಉಳಿದಿದ್ಯಾ ನೋಡಿಸಿ, ಧನುರ್ವಾಯು ತಡೆಯೋ ಇಂಜೆಕ್ಷನ್ ವಿಚಾರಿಸಿ. ಶುಗರ್ ಇರೋರು, ಲಿವರ್ ತೊಂದರೆ ಇರೋರು ಒಂದು ರಾತ್ರಿನೂ ಕಾಯಬೇಡಿ, ಉಪ್ಪುನೀರಲ್ಲಿರೋ ವಿಬ್ರಿಯೋ ಅನ್ನೋ ಬ್ಯಾಕ್ಟೀರಿಯಾ ಅಂಥವರಲ್ಲಿ ಗಂಟೆಗಳಲ್ಲೇ ಏರಿ ಜೀವಕ್ಕೇ ಕುತ್ತು ತರಬಹುದು. ಇನ್ನೊಂದು ಇದಕ್ಕೆ ತದ್ವಿರುದ್ಧ, ಚುಚ್ಚಿ ಕೆಲವು ವಾರ ಆದ್ಮೇಲೆ ಬೆರಳಲ್ಲೋ ಕೈ ಹಿಂಭಾಗದಲ್ಲೋ ನಿಧಾನಕ್ಕೆ ಗಂಟು ಏಳುತ್ತೆ, ಒಣಗಲ್ಲ. ಮೈಕೋಬ್ಯಾಕ್ಟೀರಿಯಂ ಮರೈನಮ್ ಅಂತ ಅದು, ಕ್ಷಯದ ರೋಗಾಣುವಿನ ಕುಟುಂಬದ್ದೇ, ಮಾಮೂಲಿ ಆಂಟಿಬಯೋಟಿಕ್ಕಿಗೆ ಬಗ್ಗಲ್ಲ, ಔಷಧಿ ತಿಂಗಳುಗಟ್ಟಲೆ ಬೇಕಾಗುತ್ತೆ. ಡಾಕ್ಟರ್ ಹತ್ರ ಹೋದಾಗ ಕೈ ಊದಿದೆ ಅಂತಷ್ಟೇ ಹೇಳಬೇಡಿ, ಗಾಳ ಹಾಕ್ತೀನಿ, ಇಂಥಾ ಮೀನು ಚುಚ್ಚಿತ್ತು, ನೀರು ಉಪ್ಪೋ ಸಿಹಿಯೋ, ಎಷ್ಟು ದಿನ ಆಯ್ತು ಅನ್ನೋದನ್ನೆಲ್ಲ ಅವರು ಕೇಳೋಕೆ ಮುಂಚೆ ಹೇಳಿ, ಅದರ ಮೇಲೆ ಅವರು ಮಾಡಿಸೋ ಟೆಸ್ಟೇ ಬೇರೆ ಆಗುತ್ತೆ.